ತೊಳೆಯದೆ ಬಿಟ್ಟ ಲೋಟ

14 ಡಿಸೆಂಬರ್ 2025, ಭಾನುವಾರ
ಕುವೆಂಪುನಗರ, ಮೈಸೂರು. ರಾತ್ರಿ ಹತ್ತೂ ಮುಕ್ಕಾಲು

ನಿನ್ನೆ ರಾತ್ರಿಯ ವಿಸ್ಕಿ ಲೋಟಗಳನ್ನು ತೊಳೆಯದೆ ಮಲಗಿದ್ದು ತಪ್ಪಾಯಿತು. ಸೋಮಾರಿತನ ಎಂದುಕೊಳ್ಳಬೇಡಿ, ಅದು ಮೇಷ್ಟ್ರು ಹೇಳಿಕೊಟ್ಟ ಪಾಠ. ಕುಡಿದು ಮುಗಿಸಿದ ಲೋಟವನ್ನು ಹಾಗೆಯೇ ಬಿಟ್ಟು ಬೆಳಿಗ್ಗೆ ಮೂಸಿದರೆ ಮದ್ಯಸಾರವೆಲ್ಲ ಹಾರಿಹೋಗಿ ಪೀಪಾಯಿಯ ಮರ, ಮಾಲ್ಟು ಎನ್ನುವ ಮೊಳಕೆ ಕಟ್ಟಿದ ಬಾರ್ಲಿ, ಹೊಗೆ ಇಷ್ಟೇ ಉಳಿದಿರುತ್ತವೆ. ಹಾಗಾಗಿ ನನ್ನ ಪಾಲಿನ ನಾಲ್ಕು ಲೋಟಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಒಂದೊಂದರ ಕೆಳಗೂ ಸಂಖ್ಯೆ ಬರೆದ ಚೀಟಿ ಸಿಕ್ಕಿಸಿ ಮಲಗಿದ್ದೆ. ಅವ್ವ ಊರಿನಿಂದ ಬಂದು ಮೂರು ದಿನವಾಗಿದೆ, ಬೆಳಿಗ್ಗೆ ಐದಕ್ಕೇ ಏಳುತ್ತಾಳೆ ಎನ್ನುವುದು ಮರೆತೇಹೋಗಿತ್ತು.

ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಅಂಕಪಟ್ಟಿ. ಇಲ್ಲದಿದ್ದರೆ ಭಾವ ನಾಳೆ ಫೋನ್ ಮಾಡಿ ಜಗಳಕ್ಕೆ ನಿಲ್ಲುತ್ತಾರೆ.

ತಿಂಗಳಿಗೊಮ್ಮೆ ವಿಸ್ಕಿಯ ರುಚಿ ನೋಡಿ ಅಂಕ ಹಾಕುವ ನಮ್ಮ ಕೂಟದಲ್ಲಿ ಎಂದಿನಂತೆ ನಾಲ್ಕೇ ಜನ: ಮೇಷ್ಟ್ರು, ಭಾವ, ದನದ ಡಾಕ್ಟರು, ನಾನು. ಮಹಡಿಯ ಕೋಣೆ. ನಾಲ್ಕು ಬಾಟಲಿಗಳಿಗೂ ಹಳೆಯ ಪೇಪರ್ ಸುತ್ತಿ ಸಂಖ್ಯೆ ಹಾಕಿದ್ದು ನನ್ನವಳು, ಅದೂ ಗೊಣಗುತ್ತಲೇ. ಒಬ್ಬೊಬ್ಬರಿಗೆ ಒಂದೊಂದರಲ್ಲಿ ಇಪ್ಪತ್ತು ಮಿಲಿಲೀಟರ್, ಅದಕ್ಕಿಂತ ಒಂದು ಹನಿಯೂ ಹೆಚ್ಚಿಲ್ಲ. ವಾಸನೆಗೆ 25, ರುಚಿಗೆ 25, ನುಂಗಿದ ಮೇಲೆ ಗಂಟಲಲ್ಲಿ ಉಳಿಯುವುದಕ್ಕೆ 25, ಒಟ್ಟು ಹದಕ್ಕೆ 25. ಕೊನೆಯಲ್ಲಿ ಬೆಲೆಯ ಕಾಲಂ. ಅದನ್ನು ಪೇಪರ್ ಬಿಚ್ಚಿದ ಮೇಲೆಯೇ ತುಂಬಬೇಕು.

ಈ ಸಲ ಮೇಷ್ಟ್ರು ಹೊಸ ನಿಯಮ ತಂದಿದ್ದರು. ನಾವು ಸ್ವಂತ ಮೂಗಿನಿಂದ ಮೂಸಿರದ ಯಾವ ಪದಾರ್ಥದ ಹೆಸರನ್ನೂ ಬರೆಯುವಂತಿಲ್ಲ. ನ್ಯಾಯವೇ. ಪರದೇಶದ ರುಚಿಟಿಪ್ಪಣಿಗಳಲ್ಲಿ ಮಾತುಮಾತಿಗೆ ಬರುವ ಹೆದರ್ ಹೂವನ್ನು ನಮ್ಮಲ್ಲಿ ಯಾರು ಕಂಡಿದ್ದಾರೆ? ಕಳೆದ ಬಾರಿ ಡಾಕ್ಟರು ಅದನ್ನು ಮೂರು ಕಡೆ ಬರೆದು, ಅದರ ಬಣ್ಣ ಯಾವುದು ಎಂದು ಕೇಳಿದಾಗ ಸಿಟ್ಟು ಮಾಡಿಕೊಂಡಿದ್ದರು.

ಒಂದನೆಯದಕ್ಕೆ ನಾನು 78 ಕೊಟ್ಟೆ. ಮರಸೇಬು, ಅದರ ಹಿಂದೆ ಹಣ್ಣಾದ ರಸಬಾಳೆ. ಮೇಷ್ಟ್ರಿಗೆ ಸಂತೋಷವಾಯಿತು. ಬಾಳೆಹಣ್ಣಿಗೆ ಆ ಘಮ ಕೊಡುವ ಎಸ್ಟರ್ ಎಂಬ ಪರಿಮಳದ ವಸ್ತು, ಬಾರ್ಲಿಯ ರಸ ಹುದುಗುವಾಗಲೂ ಹುಟ್ಟುತ್ತದಂತೆ. ನಂಜನಗೂಡಿನ ತೋಟಗಳಲ್ಲಿ ಸೊರಗು ರೋಗಕ್ಕೆ ಸಿಕ್ಕಿ ರಸಬಾಳೆಯೇ ಅಪರೂಪವಾಗಿರುವಾಗ ಅದರ ವಾಸನೆಯನ್ನು ಸ್ಕಾಟ್ಲೆಂಡಿನ ಬಾಟಲಿಯಲ್ಲಿ ಹುಡುಕುವ ಗತಿ ಬಂತಲ್ಲ ಎಂದು ಭಾವ ನಕ್ಕರು. ಪೇಪರ್ ಬಿಚ್ಚಿದಾಗ ಗ್ಲೆನ್‌ಫಿಡಿಕ್ 12, ಅಂದರೆ ಕನಿಷ್ಠ ಹನ್ನೆರಡು ವರ್ಷ ಪೀಪಾಯಿಯಲ್ಲಿ ಕಾದದ್ದು. 1887ರ ಕ್ರಿಸ್‌ಮಸ್ ದಿನ ಮೊದಲ ಹನಿ ಇಳಿಸಿದ ಮನೆತನ. ಹೊಸಬರಿಗೆ ಕೊಡಲು ಇದಕ್ಕಿಂತ ಒಳ್ಳೆಯದಿಲ್ಲ, ಹಳಬರಿಗೆ ಬೇಗ ಬೇಸರ.

ಎರಡನೆಯದು ಗ್ಲೆನ್‌ಮೊರಾಂಜಿ, 82. ಸ್ಕಾಟ್ಲೆಂಡಿನಲ್ಲಿಯೇ ಅತಿ ಎತ್ತರದ, ಭಟ್ಟಿ ಇಳಿಸುವ ತಾಮ್ರದ ಹಂಡೆಗಳು ಇವರವು. ಆವಿ ಅಷ್ಟು ಮೇಲೆ ಏರುವಷ್ಟರಲ್ಲಿ ಭಾರವಾದ ಅಂಶಗಳು ಕೆಳಗೆ ಬಿದ್ದು ಹಗುರವಾದದ್ದಷ್ಟೇ ದಾಟುತ್ತದೆ. ವೆನಿಲಾ ಪರಿಮಳ ಮಾತ್ರ ಪೀಪಾಯಿಯದು. ಅಮೆರಿಕದ ಬೂರ್ಬನ್ ವಿಸ್ಕಿಯನ್ನು ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು ಎಂದು ಅಲ್ಲಿಯ ಕಾನೂನಿದೆ. ಅವರು ಒಮ್ಮೆ ಬಳಸಿ ಬಿಟ್ಟದ್ದು ಹಡಗು ಹತ್ತಿ ಇವರ ಬಳಿಗೆ ಬರುತ್ತದೆ. ಭಾವನ ಟಿಪ್ಪಣಿ: ‘ಸಯ್ಯಾಜಿರಾವ್ ರಸ್ತೆಯ ಮಿಠಾಯಿ ಅಂಗಡಿಯ ಮುಂದೆ ದುಡ್ಡಿಲ್ಲದೆ ನಿಂತ ಹಾಗೆ.’ ನನ್ನ ಟಿಪ್ಪಣಿಯನ್ನು ಇಲ್ಲಿ ಬರೆಯುವುದಿಲ್ಲ, ಅವರದೇ ಚೆನ್ನಾಗಿದೆ.

ಮೂರು, ಟಾಲಿಸ್ಕರ್ 10. ಸ್ಕೈ ದ್ವೀಪದ್ದು, ಮದ್ಯಸಾರ ಶೇಕಡ 45.8. ಮೆಣಸಿನ ಸಾರು ಕುಡಿದ ಮೇಲೆ ಗಂಟಲಲ್ಲಿ ನಿಲ್ಲುವ ಕಾವು. 86. ಇದರಲ್ಲಿ ನಾಲ್ವರಿಗೂ ಒಂದೇ ಅಭಿಪ್ರಾಯ. ನಮ್ಮ ಚರಿತ್ರೆಯಲ್ಲಿ ಇದೇ ಮೊದಲು.

ನಾಲ್ಕನೆಯದಕ್ಕೆ ನಾನು 91 ಕೊಟ್ಟೆ, ಡಾಕ್ಟರು 62. ಮೂಗಿನ ಹತ್ತಿರ ತಂದವರೇ ಲೋಟ ಕೆಳಗಿಟ್ಟು, “ಮೂವತ್ತು ವರ್ಷ ಟಿಂಚರ್ ಅಯೋಡಿನ್ ಹಚ್ಚಿದ್ದು ಸಾಕಾಗಿತ್ತು ಸ್ವಾಮಿ, ಈಗ ಅದನ್ನು ಕುಡಿಯಬೇಕೇ?” ಎಂದರು. ಲಾಫ್ರಾಯ್ಗ್ 10. ಐಲಾ ಎಂಬ ದ್ವೀಪದ್ದು. ಮೊಳಕೆ ಬಂದ ಬಾರ್ಲಿಯನ್ನು ಪೀಟ್ ಹೊಗೆಯಲ್ಲಿ ಒಣಗಿಸುತ್ತಾರೆ. ಪೀಟ್ ಎಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರ್ಧಂಬರ್ಧ ಕೊಳೆತು ಕುಳಿತ ಸಸ್ಯರಾಶಿ. ಕಡಿದು, ಒಣಗಿಸಿ ಸೌದೆಯಂತೆ ಉರಿಸುತ್ತಾರೆ. ನಾನು ಬರೆದದ್ದು ಎರಡೇ ಮಾತು: ‘ಆಲೆಮನೆ. ಅಪ್ಪನ ಕಂಬಳಿ.’

ಮೇಷ್ಟ್ರು ಇದನ್ನು ಗಟ್ಟಿಯಾಗಿ ಓದಿ, “ಇದು ಭಾವುಕತೆಯಲ್ಲ, ರಸಾಯನಶಾಸ್ತ್ರ” ಎಂದು ತೀರ್ಪು ಕೊಟ್ಟರು. ಮರವಾಗಲಿ, ಕಬ್ಬಿನ ಸಿಪ್ಪೆಯಾಗಲಿ, ಪೀಟ್ ಆಗಲಿ, ಸುಟ್ಟಾಗ ಗ್ವಾಯಕಾಲ್ ಎಂಬ ಒಂದು ವಸ್ತು ಬರುತ್ತದೆ. ಹೊಗೆಯ ವಾಸನೆಯಲ್ಲಿ ಅದರ ಪಾಲು ದೊಡ್ಡದು. ನಾಲ್ಕು ಹನಿ ನೀರು ಬೆರೆಸಿದರೆ ಆ ಗ್ವಾಯಕಾಲ್ ಮೇಲ್ಮೈಗೆ ಬರುತ್ತದೆ ಎಂದು 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಮೇಷ್ಟ್ರು ಇಂಕ್ ಫಿಲ್ಲರ್‌ನಿಂದ ನನ್ನ ಲೋಟಕ್ಕೆ ನಾಲ್ಕು ಹನಿ ಬಿಟ್ಟರು. ಆಲೆಮನೆ ಇನ್ನೂ ಹತ್ತಿರ ಬಂತು.

ಬೆಲೆಯ ಕಾಲಂನಲ್ಲಿ ಎಂದಿನಂತೆ ರಾಜಕೀಯ. ಹೊರಗಿನಿಂದ ಬರುವ ಬಾಟಲಿಗೆ ಕೇಂದ್ರದ ಆಮದು ಸುಂಕವೇ ಶೇಕಡ 150. ಬ್ರಿಟನ್ನಿನ ಜೊತೆಗಿನ ಒಪ್ಪಂದಕ್ಕೆ ಜುಲೈ 24ರಂದು ಸಹಿ ಬಿದ್ದಿದೆ. ಜಾರಿಗೆ ಬಂದರೆ ಮೊದಲು 75, ಹತ್ತನೆಯ ವರ್ಷಕ್ಕೆ 40. ವಿಸ್ಕಿ ಪೀಪಾಯಿಯಲ್ಲಿ ಹನ್ನೆರಡು ವರ್ಷ ಕಾಯುತ್ತದೆ, ನಾವು ಹತ್ತು ವರ್ಷ ಕಾಯಲಾರೆವೇ ಎಂದು ಭಾವ ಕೇಳಿದರು. “ನನಗೆ ಎಪ್ಪತ್ತೊಂದು” ಎಂದರು ಡಾಕ್ಟರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಭಾವನೇ, ಮುಂದಿನ ತಿಂಗಳು ಇಲ್ಲೇ ಕಂಬೀಪುರದಲ್ಲಿ ಮಾಡುವ ಅಮೃತ್ ಫ್ಯೂಷನ್ ವಿಸ್ಕಿ ತರುತ್ತೇನೆ, ಸುಂಕದ ಗೋಳೇ ಇಲ್ಲ ಎಂದು ಮಾತು ತಿರುಗಿಸಿದರು. ಬೆಂಗಳೂರಿಗೆ ಹೋಗುವಾಗಲೆಲ್ಲ ನಾವು ಅದರ ಪಕ್ಕದಲ್ಲೇ ಹಾದುಹೋಗುತ್ತೇವೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡು ಪಾಲು ಆವಿಯಾದರೆ ನಮ್ಮ ಸೆಖೆಗೆ ಹತ್ತು ಪಾಲು ಹೋಗುತ್ತದೆ. ಅದಕ್ಕೇ ಇಲ್ಲಿ ನಾಲ್ಕೈದು ವರ್ಷಕ್ಕೇ ಹಣ್ಣಾಗುತ್ತದೆ. ನಾಲ್ಕನೆಯದರ ಬೆಲೆಯ ಕಾಲಂ ತುಂಬದೆಯೇ ಸಭೆ ಮುಗಿಯಿತು.

ಬೆಳಿಗ್ಗೆ ಆರೂವರೆಗೆ ನಾನು ಕೆಳಗಿಳಿದಾಗ ಮೂರು ಲೋಟಗಳು ತೊಳೆದು ಬೋರಲು ಬಿದ್ದಿದ್ದವು. ನಾಲ್ಕನೆಯದು ಅವ್ವನ ಕೈಯಲ್ಲಿತ್ತು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಲೋಟವನ್ನು ಮೂಗಿಗೆ ಹಿಡಿದು ನಿಂತಿದ್ದಳು. ನಮ್ಮ ಮೇಷ್ಟ್ರು ಕಂಡಿದ್ದರೆ ಮೆಚ್ಚುತ್ತಿದ್ದರು. ಎಲ್ಲಿ ಎಷ್ಟು ದೂರ ಹಿಡಿಯಬೇಕೋ ಅಷ್ಟೇ ದೂರ.

“ಇದೂ ಕಾಕಂಬಿಯದೇನಪ್ಪ?” ಎಂದು ಕೇಳಿದಳು.

ಬೈಗುಳ ನಿರೀಕ್ಷಿಸಿದ್ದ ನನಗೆ ಉತ್ತರ ಹೊಳೆಯಲು ಕ್ಷಣ ಬೇಕಾಯಿತು. ಅವ್ವ ಮಂಡ್ಯದ ಕಡೆಯವಳು. ಅಲ್ಲಿ ಸಕ್ಕರೆ ಕಾರ್ಖಾನೆ ನಿಂತದ್ದು 1933ರಲ್ಲಿ, ಅವಳು ಹುಟ್ಟುವ ಮೊದಲೇ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯಿಂದ ಏನಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಲ್ಲಿ ವಿಸ್ಕಿ ಎಂದು ಮಾರುವುದರಲ್ಲಿ ಬಹುಪಾಲು ಅದರದೇ ಸಾರ. ಯುರೋಪಿನಲ್ಲಿ ಅದಕ್ಕೆ ಆ ಹೆಸರಿಡಲು ಬಿಡುವುದಿಲ್ಲ.

ಕಾಕಂಬಿಯದಲ್ಲ, ಬಾರ್ಲಿಯದು ಎಂದೆ. ನಾವು ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸುತ್ತೇವಲ್ಲ, ಹಾಗೆಯೇ ಮಾಡುತ್ತಾರೆ. ಆದರೆ ಹೊಗೆಯಲ್ಲಿ ಒಣಗಿಸುತ್ತಾರೆ.

“ಯಾಕೆ, ಬಿಸಿಲಿಲ್ಲವೇ ಅವರಿಗೆ?”

ಇಲ್ಲ. ನಿಜವಾಗಿಯೂ ಇಲ್ಲ. ಇಷ್ಟು ಪುಸ್ತಕ ಓದಿದ ನನಗೆ ಇಷ್ಟು ಸರಳವಾಗಿ ಹೊಳೆದಿರಲಿಲ್ಲ.

ಎಷ್ಟು ಕೊಟ್ಟೆ ಎಂದಳು. ಭಾವ ತಂದದ್ದು ಎಂದೆ. ಭಾವ ಎಷ್ಟು ಕೊಟ್ಟರು ಎಂದಳು. ಆರೂವರೆ ಸಾವಿರ ಎನ್ನಬೇಕಾಯಿತು. ಅವ್ವ ಬಾಯಲ್ಲಿ ಏನೂ ಹೇಳಲಿಲ್ಲ, ಆದರೆ ಅವಳ ಮನಸ್ಸಿನಲ್ಲಿ ಗಾಡಿ ಕಟ್ಟಿದ್ದು ನನಗೆ ಕಾಣಿಸಿತು. ಈ ಹಂಗಾಮಿಗೆ ಕೇಂದ್ರ ಹೇಳಿರುವ ಕಬ್ಬಿನ ದರ ಕ್ವಿಂಟಲ್‌ಗೆ 355 ರೂಪಾಯಿ, ಅದೂ ಶೇಕಡ 10.25ರ ಸಕ್ಕರೆ ಇಳುವರಿ ಬಂದರೆ. ಕಟಾವು ಕೂಲಿ, ಸಾಗಣೆ ಕಳೆದರೆ ಒಂದು ಬಾಟಲಿಗೆ ಎರಡು ಟನ್ ಕಬ್ಬೂ ಸಾಲದು. ಹನ್ನೆರಡು ತಿಂಗಳು ನಾಲೆ ನೀರು ಕಾಯ್ದು ಬೆಳೆದದ್ದು.

“ಎಷ್ಟು ದಿನ ಬರುತ್ತದೆ?”

ಒಂದು ಸಲಕ್ಕೆ ನಾಲ್ವರಿಗೂ ಸೇರಿ ಎಂಬತ್ತು ಮಿಲಿಲೀಟರ್. ತಿಂಗಳಿಗೊಮ್ಮೆ. ಒಂಬತ್ತು ತಿಂಗಳು ಬರುತ್ತದೆ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಹಾಗಾದರೆ ಕುಡಿಯುವುದಿಲ್ಲ, ಮುಹೂರ್ತ ನೋಡಿಕೊಂಡು ನೆಕ್ಕುತ್ತೀರಿ” ಎಂದಳು.

ನನ್ನವಳು ಒಳಗಿನಿಂದ ನಕ್ಕದ್ದು ಕೇಳಿಸಿತು. ನನಗೂ ನಗು ಬಂತು, ಧೈರ್ಯವೂ ಬಂತು. ಅಂಕಪಟ್ಟಿ ತಂದು ತೋರಿಸಿದೆ. ಕನ್ನಡಕವಿಲ್ಲದೆ ಅವಳು ಓದಲಾರಳು, ನಾನೇ ಓದಿದೆ: ಆಲೆಮನೆ, ಅಪ್ಪನ ಕಂಬಳಿ.

ಅಪ್ಪ ಆಲೆಮನೆಯಿಂದ ತಡವಾಗಿ ಬರುತ್ತಿದ್ದ ರಾತ್ರಿಗಳು ನನಗೆ ಚೆನ್ನಾಗಿ ನೆನಪಿವೆ. ಬಾಗಿಲು ಸರಿದರೆ ಮೊದಲು ಹೊಗೆಯ ವಾಸನೆ, ಆಮೇಲೆ ಅಪ್ಪ. ಕಂಬಳಿಯ ಒಳಗಿನಿಂದ ಬಾಳೆಎಲೆಯಲ್ಲಿ ಕಟ್ಟಿದ ಬಿಸಿ ಬೆಲ್ಲ ತೆಗೆದು ನಿದ್ದೆಗಣ್ಣಿನ ನಮ್ಮ ಬಾಯಿಗೆ ಇಡುತ್ತಿದ್ದರು. ಆ ರಾತ್ರಿಗಳಲ್ಲಿ ಅವರಷ್ಟು ಒಳ್ಳೆಯವರು ಲೋಕದಲ್ಲಿ ಇರಲಿಲ್ಲ. ಹಾಡುತ್ತಲೂ ಇದ್ದರು. 91 ಅಂಕದಲ್ಲಿ ಎಷ್ಟು ಪಾಲು ಐಲಾ ದ್ವೀಪದ್ದು, ಎಷ್ಟು ಆ ಬೆಲ್ಲದ್ದು ಎಂದು ನಾನು ಮೇಷ್ಟ್ರಿಗೆ ಹೇಳಿರಲಿಲ್ಲ.

ಅವ್ವ ಇನ್ನೊಮ್ಮೆ ಮೂಸಿದಳು. “ಹೌದು, ನಿಮ್ಮಪ್ಪನ ವಾಸನೆಯೇ” ಎಂದಳು. ಸ್ವಲ್ಪ ತಡೆದು, “ನಮ್ಮದು ಆಲೆ ಕಟ್ಟಿದ್ದು ಎಷ್ಟು ದಿನ ಎಂದುಕೊಂಡಿದ್ದೀಯ? ವರ್ಷಕ್ಕೆ ಹತ್ತು ದಿನ. ಮಿಕ್ಕ ದಿನ ಅವರಿಗೆ ಅಲ್ಲೇನು ಕೆಲಸ?”

ನನಗೆ ಅರ್ಥವಾಗಲಿಲ್ಲ.

“ಪ್ಯಾಕೆಟ್ ಸಾರಾಯಿ ಹಾಕಿಕೊಂಡ ದಿನ ನೇರ ಮನೆಗೆ ಬರುತ್ತಿರಲಿಲ್ಲ ಕಣಪ್ಪ. ಯಾರದಾದರೂ ಆಲೆಮನೆಗೆ ಹೋಗಿ ಒಲೆಯ ಮುಂದೆ ಒಂದು ಗಂಟೆ ಕುಳಿತು, ಮೈಗೆಲ್ಲ ಹೊಗೆ ಹತ್ತಿಸಿಕೊಂಡು ಬರುತ್ತಿದ್ದರು. ನನಗೆ ಗೊತ್ತಾಗಬಾರದು ಎಂದು. ಬೆಲ್ಲ ತಂದ ದಿನವೆಲ್ಲ ಹಾಗೆಯೇ.”

ಗೊತ್ತಿದ್ದೂ ನೀನು ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

“ನೀವು ಬೆಲ್ಲ ತಿನ್ನುತ್ತಿದ್ದಿರಲ್ಲ” ಎಂದಳು. ಹೇಳಿ, ಹಾಲು ಉಕ್ಕುತ್ತದೆ ಎಂದು ಒಲೆಯ ಕಡೆ ತಿರುಗಿದಳು. ಹಾಲು ಇನ್ನೂ ಬಿಸಿಯೇ ಆಗಿರಲಿಲ್ಲ.

ಮಧ್ಯಾಹ್ನ ಮಾಡಿದ್ದು ಏನೂ ಇಲ್ಲ. ಕುಕ್ಕರಹಳ್ಳಿ ಕೆರೆಯ ಕಡೆ ಹೋಗಿ, ಅರ್ಧ ಸುತ್ತಿನಿಂದಲೇ ಹಿಂತಿರುಗಿದೆ. ಸಾರಾಯಿ ನಿಷೇಧವಾದದ್ದು 2007ರ ಜುಲೈ 1ಕ್ಕೆ. ಅಪ್ಪ ಅದಕ್ಕೆ ಮೊದಲೇ ಹೋಗಿದ್ದರು. ಇಷ್ಟು ವರ್ಷ ನಾನು ಹೊಗೆಯ ವಾಸನೆ ಎಂದುಕೊಂಡದ್ದರಲ್ಲಿ ಸಾರಾಯಿಯೂ ಇತ್ತು. ಹೊಗೆ ಮತ್ತು ಮದ್ಯಸಾರ, ಎರಡೂ ಸೇರಿ. ನಾಲ್ಕನೆಯ ಬಾಟಲಿಯಲ್ಲಿರುವುದೂ ಅದೇ ತಾನೇ. ಅಂದರೆ ನನ್ನ ಮೂಗು ನಾನು ತಿಳಿದದ್ದಕ್ಕಿಂತ ಹೆಚ್ಚು ನಿಖರವಾಗಿಯೇ ಗುರುತಿಸಿತ್ತು, ತಲೆಗೆ ಮಾತ್ರ…

ಸಂಜೆ ಮೇಷ್ಟ್ರ ಫೋನ್. ಒಣ ಲೋಟದ ಟಿಪ್ಪಣಿ ಎಲ್ಲಿ ಎಂದರು. ಮೂರನ್ನು ಅವ್ವ ತೊಳೆದುಬಿಟ್ಟಳು ಎಂದೆ. ನಾಲ್ಕನೆಯದು? ಆಮೇಲೆ ಹೇಳುತ್ತೇನೆ ಎಂದೆ. 91ನ್ನು ಹೊಡೆದುಹಾಕಬೇಕೇ, ಹಾಗೆಯೇ ಬಿಡಬೇಕೇ? ಡಾಕ್ಟರ ಪಕ್ಕದ 62 ಈಗ ಅಷ್ಟೇನೂ ಅನ್ಯಾಯವಾಗಿ ಕಾಣುತ್ತಿಲ್ಲ.

ನಾಳೆ ಬೆಳಗಿನ ರೈಲಿಗೆ ಅವ್ವನನ್ನು ಹತ್ತಿಸಬೇಕು. ಚೀಲ ಕಟ್ಟಿ ಆಗಿದೆ. ಲಾಫ್ರಾಯ್ಗ್ ಬಂದಿದ್ದ ಉದ್ದನೆಯ ಡಬ್ಬವನ್ನು ಕೇಳಿ ಇಸಿದುಕೊಂಡಳು, ಬಿತ್ತನೆಯ ಅವರೆ ಇಡಲು. ಹೊಗೆಯ ವಾಸನೆಗೆ ಹುಳು ಬೀಳುವುದಿಲ್ಲವಂತೆ. ಡಬ್ಬಕ್ಕೆ ಯಾವ ವಾಸನೆಯೂ ಇರುವುದಿಲ್ಲವ್ವ, ಅದೇನಿದ್ದರೂ ಬಾಟಲಿಯ ಒಳಗೆ ಎಂದೆ. ಮುಚ್ಚಳ ತೆಗೆದು ಮೂಸಿ ನೋಡಿದಳು. ಇದೆ ಎಂದಳು.