ಬಾದಾಮಿಯಲ್ಲಿ ರ‍್ಯಾಪೆಲ್ ಮಾಡುವವರೇ, ಅಡ್ಡ ಹಗ್ಗ ಮೊದಲು ನೋಡಿ

ಬಾದಾಮಿಯಲ್ಲಿ ರ‍್ಯಾಪೆಲ್ ಮಾಡಿಸುವವರು, ಅಂದರೆ ಹಗ್ಗದಲ್ಲಿ ಬಂಡೆ ಇಳಿಸುವವರು, ಸೊಂಟ-ತೊಡೆಗೆ ಕಟ್ಟುವ ಹಾರ್ನೆಸ್, ಹೆಲ್ಮೆಟ್ ಎಲ್ಲ ಚಂದ ತೋರಿಸುತ್ತಾರೆ. ಇಳಿಯುವ ಜಾಗ ಮುಟ್ಟಲು ಬಂಡೆಯ ಅಂಚಿನಲ್ಲಿ ಅಡ್ಡ ನಡೆಯಬೇಕಾದ ಹತ್ತು ಹದಿನೈದು ಮೀಟರಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ನಮಗೆ ಸಿಕ್ಕ ತಂಡ ಅಲ್ಲಿ ಕಟ್ಟಿದ್ದು ಒಂದೇ ಹಗ್ಗ, ಅದೂ ಏಕತಾರಿಯ ತಂತಿಯಷ್ಟು ಬಿಗಿ. ಕಣ್ಣಿಗೆ ಭದ್ರ ಕಂಡರೂ ಅಪಾಯ ಆ ಬಿಗಿಯಲ್ಲೇ ಇದೆ.

ಅಡ್ಡ ಹಗ್ಗದ ನಡುವೆ ಆಳು ಜೋತುಬಿದ್ದಾಗ ಹಗ್ಗದ ಎರಡು ಭಾಗಗಳ ನಡುವಿನ ಕೋನ 120 ಡಿಗ್ರಿ ಇದ್ದರೆ ಎರಡೂ ತುದಿಯ ಆಂಕರ್ (ಬಂಡೆಗೆ ಹಗ್ಗ ಕಟ್ಟುವ ಆಸರೆ) ಮೇಲೆ ತಲಾ ಒಂದಾಳಿನ ಪೂರ್ತಿ ಭಾರ. ಹಗ್ಗ ಬಿಗಿಯಾದಷ್ಟೂ ಕೋನ ಅಗಲ: 150 ಆದರೆ ಸುಮಾರು ಎರಡು ಪಟ್ಟು, 170 ಆದರೆ ಐದೂವರೆ ಪಟ್ಟಿಗೂ ಮೇಲೆ. ಇದು ಸುಮ್ಮನೆ ತೂಗಿದಾಗಿನ ಲೆಕ್ಕ, ಜಾರಿ ಬಿದ್ದರೆ ಇನ್ನೂ ಹೆಚ್ಚು. ಹಾಗಾಗಿ ಹಗ್ಗ ಕೈಯಿಂದ ಎಳೆದಷ್ಟೇ ಬಿಗಿ ಸಾಕು. ಪುಲ್ಲಿ ಹಾಕಿ ಎಳೆಯುವವರನ್ನು ತಡೆಯಿರಿ.

ಬಿಗಿ ಕಡಿಮೆಯಾದರೆ ಬಿದ್ದವನು ಆಳಕ್ಕೆ ಹೋಗುತ್ತಾನಲ್ಲ? ಅದಕ್ಕೇ ನಡುನಡುವೆ ಆಂಕರ್ ಬೇಕು. ಎರಡು ಮೂರು ಮೀಟರಿಗೊಂದು ಬೋಲ್ಟ್, ಪ್ರತಿಯೊಂದಕ್ಕೂ ಲಾಕಿಂಗ್ ಕ್ಯಾರಬಿನರ್ (ಲಾಕ್ ಆಗುವ ಲೋಹದ ಕೊಂಡಿ), ಅದರಲ್ಲಿ ಹಗ್ಗವನ್ನು ಕ್ಲೋವ್ ಹಿಚ್ ಅಥವಾ ಬಟರ್‌ಫ್ಲೈ ಗಂಟಿನಿಂದ ಕಟ್ಟಿರಬೇಕು. ಸುಮ್ಮನೆ ತೂರಿಸಿಬಿಟ್ಟರೆ ಒಬ್ಬ ಬಿದ್ದಾಗ ಇಡೀ ಹಗ್ಗದ ಸಡಿಲು ಅವನ ಕಡೆಗೇ ಓಡುತ್ತದೆ. ಎರಡು ಆಂಕರ್ ನಡುವೆ ಒಬ್ಬರೇ ಇರಬೇಕು. ಹಗ್ಗ 10 ಅಥವಾ 11 ಮಿ.ಮೀ. ಸ್ಟ್ಯಾಟಿಕ್ (ಹೆಚ್ಚು ಹಿಗ್ಗದ್ದು), ಸೊಂಟಕ್ಕಿಂತ ಮೇಲಿರಲಿ. ಮೊಣಕಾಲಿನ ಕೆಳಗೆ ಕಟ್ಟಿದ್ದು ಇದ್ದೂ ಇಲ್ಲದಂತೆ. ಎರಡೂ ತುದಿಯಲ್ಲಿ ಎರಡೆರಡು ಬೋಲ್ಟ್, ಫಿಗರ್ ಎಯ್ಟ್ ಗಂಟು, ಗಂಟಿನಾಚೆ ಒಂದು ಗೇಣಿಗಿಂತ ಹೆಚ್ಚು ಬಾಲ. ಮೊದಲ ಆಂಕರ್ ಅಂಚಿನಿಂದ ಸಾಕಷ್ಟು ಹಿಂದಿರಬೇಕು, ಅಪಾಯ ಶುರುವಾಗುವ ಮುಂಚೆಯೇ ಕ್ಲಿಪ್ ಹಾಕಿಕೊಳ್ಳುವಂತೆ.

ನಿಮ್ಮ ಹಾರ್ನೆಸ್‌ನಿಂದ ಅಡ್ಡ ಹಗ್ಗಕ್ಕೆ ಸಿಕ್ಕಿಸುವ, ಕೊಂಡಿ ಇರುವ ಎರಡು ಲ್ಯಾನ್‌ಯಾರ್ಡ್ (ಗಿಡ್ಡ ಹಗ್ಗ) ಬೇಕು. ಆಂಕರ್ ದಾಟುವಾಗ ಒಂದನ್ನು ಮುಂದಕ್ಕೆ ಹಾಕಿ, ಗೇಟ್ ಲಾಕ್ ಮಾಡಿ, ಆಮೇಲೆ ಇನ್ನೊಂದನ್ನು ಬಿಚ್ಚುವುದು. ಒಂದೇ ಕೊಟ್ಟರೆ ಕಾಲು ಮುಂದಿಡಬೇಡಿ. ಲ್ಯಾನ್‌ಯಾರ್ಡ್ ಡೈನಮಿಕ್, ಅಂದರೆ ಏಟು ಬಿದ್ದರೆ ಹಿಗ್ಗುವ, ಹಗ್ಗದ್ದಾಗಿರಲಿ. ತೆಳ್ಳನೆಯ ಬಿಳಿ ಡೈನೀಮಾ ಸ್ಲಿಂಗ್ (ನೂಲಿನ ಪಟ್ಟಿ) ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಒಂದೆರಡು ಅಡಿ ಬಿದ್ದರೂ ಏಟು ಸೊಂಟಕ್ಕೆ, ಬೋಲ್ಟಿಗೆ ನೇರ ತಾಗುತ್ತದೆ.

ಮೊದಲು ದಾಟುವವನಿಗೆ ಡೈನಮಿಕ್ ಹಗ್ಗದ ಬಿಲೇ (ಇನ್ನೊಬ್ಬ ಹಗ್ಗ ಹಿಡಿದು ಕಾಯುವುದು) ಇರಲೇಬೇಕು. ಎಲ್ಲರೂ ಮರೆಯುವುದು ಕೊನೆಯವನನ್ನು. ಅವನು ಆಂಕರ್ ಬಿಚ್ಚುತ್ತ ಬರುವಾಗ ಹಿಂದೆ ಹಿಡಿಯುವುದು ಏನೂ ಉಳಿಯದೆ, ಜಾರಿದರೆ ಲೋಲಕದಂತೆ ಬಂಡೆಗೆ ಬಡಿಯುತ್ತಾನೆ. ಅಡ್ಡ ಹಗ್ಗವನ್ನು ಮೊದಲ ಆಂಕರಿನ ಉಂಗುರದೊಳಗೆ ಜೋಡಿಯಾಗಿ ತೂರಿಸಿ, ಎರಡೂ ತುದಿಗಳನ್ನು ಆಚೆ ಕಟ್ಟಿ, ಆಚೆಯಿಂದ ಬೇರೆ ಹಗ್ಗದಲ್ಲಿ ಬಿಲೇ ಕೊಟ್ಟರೆ ಅವನೂ ಸುರಕ್ಷಿತ, ಆಮೇಲೆ ಹಗ್ಗ ಎಳೆದುಕೊಳ್ಳಲೂ ಬರುತ್ತದೆ. ಹದಿನೈದು ಮೀಟರಿಗೆ ಕನಿಷ್ಠ 40 ಮೀಟರ್ ಹಗ್ಗ ಬೇಕು. ಎಳೆಯುವ ಮುಂಚೆ ತುದಿಯ ಗಂಟು ಬಿಚ್ಚಿ.

ಇಲ್ಲಿನದು ಮರಳುಗಲ್ಲು. ಮಳೆ ನೀರು ಕುಡಿದು ಮೆತ್ತಗಾಗುತ್ತದೆ. ಮೇಲ್ಮೈ ಒಣಗಿದಂತೆ ಕಂಡರೂ ಒಂದೆರಡು ದಿನ ಬಿಡಿ. ಬೋಲ್ಟ್ ಬೆರಳಿಗೆ ತಿರುಗಿದರೆ, ಸುತ್ತಲಿನ ಕಲ್ಲು ಬಡಿದಾಗ ಡಬಡಬ ಅಂದರೆ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಹಗ್ಗ ಅಂಚಿಗೆ ಉಜ್ಜುವಲ್ಲಿ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದನ್ನೂ ಕಟ್ಟಿ. ಹೆಜ್ಜೇನು ಕಂಡ ಬಂಡೆಯ ಹತ್ತಿರ ಹೋಗಬೇಡಿ, ಸೆಂಟು ಹಾಕಬೇಡಿ. ಗುಹಾಲಯಗಳ ಸುತ್ತ ಹಗ್ಗ ಬಿಚ್ಚುವಂತೆಯೇ ಇಲ್ಲ, ಅದು ಪುರಾತತ್ವ ಇಲಾಖೆಯ ಜಾಗ.

ಊಟಕ್ಕೆ ಬನಶಂಕರಿಗೇ ಹೋಗಿ, ಐದೇ ಕಿಲೋಮೀಟರ್. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರು ಕಡಕ್ ಜೋಳದ ರೊಟ್ಟಿ ಮೇಲೆಯೇ ಕಾಳು ಪಲ್ಯ, ಕೆಂಪು ಚಟ್ನಿ, ಶೇಂಗಾ ಪುಡಿ ಬಡಿಸುತ್ತಾರೆ, ಜೊತೆಗೆ ಗಡಿಗೆಯ ಗಟ್ಟಿ ಮೊಸರು. "ಇನ್ನೊಂದು ರೊಟ್ಟಿ ಹಾಕ್ಲೇನಪಾ?" ಅಂತ ಕೇಳಿಯೇ ಹಾಕುತ್ತಾರೆ. ದೊಡ್ಡ ಹೋಟೆಲಿನ ಥಾಲಿ ಇದರ ಮುಂದೆ ಸಪ್ಪೆ, ಬಿಲ್ಲು ಮಾತ್ರ ಖಾರ. ಆದರೆ ಬನದ ಹುಣ್ಣಿಮೆ ಜಾತ್ರೆಯ ಹೊತ್ತಿಗೆ ಬರಬೇಡಿ: ರೂಮಿನ ಬಾಡಿಗೆ ಬಾಯಿಗೆ ಬಂದಷ್ಟು, ಕಿಟಕಿ ಇಲ್ಲದ ಕೋಣೆಗೂ. ಬರಲೇಬೇಕಾದರೆ ಬಾಗಲಕೋಟೆಯಲ್ಲಿ ಉಳಿದು ಬೆಳಗಿನ ಬಸ್ಸಿಗೆ ಬನ್ನಿ.