ಉಟ್ರೆಕ್ಟ್‌ನ ಪ್ರಾಚೀನ ಸಂಗೀತ ಉತ್ಸವದಲ್ಲಿ ದಂಪತಿಗಳಿಗೊಂದು ದಿನ

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದಲ್ಲಿ 1982ರಿಂದ ನಡೆದುಬಂದಿರುವ ಪ್ರಾಚೀನ ಸಂಗೀತ ಉತ್ಸವವು ಆಗಸ್ಟ್ ಕೊನೆಯಲ್ಲಿ ಆರಂಭವಾಗಿ ಸುಮಾರು ಹತ್ತು ದಿನ ಮುಂದುವರಿಯುತ್ತದೆ. ಮಧ್ಯಯುಗದಿಂದ ಜರ್ಮನಿಯ ಸಂಗೀತಗಾರ ಬಾಖ್‌ನ ಕಾಲದವರೆಗಿನ, ಅಂದರೆ ಸುಮಾರು 1750ಕ್ಕಿಂತ ಹಿಂದಿನ ಐರೋಪ್ಯ ಸಂಗೀತವನ್ನು ಆಯಾ ಕಾಲದ ಮಾದರಿಯ ವಾದ್ಯಗಳಲ್ಲಿ ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳ ನನಗೆ ತಿಳಿದಿಲ್ಲ. ಐಂಡ್‌ಹೋವನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾನೂ ನನ್ನ ಪತ್ನಿಯೂ ಒಂದು ಇಡೀ ದಿನವನ್ನು ಈ ಉತ್ಸವಕ್ಕೆ ಮೀಸಲಿಟ್ಟೆವು. ಅದೇ ದಾರಿಯಲ್ಲಿ ಹೊರಡಲಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಐಂಡ್‌ಹೋವನ್‌ನಿಂದ ನೇರ ರೈಲಿನಲ್ಲಿ ಉಟ್ರೆಕ್ಟ್ ಸುಮಾರು ಐವತ್ತು ನಿಮಿಷದ ದಾರಿ. ಆಮ್‌ಸ್ಟರ್‌ಡ್ಯಾಮ್‌ನಿಂದಲೂ ಸ್ಕಿಪೋಲ್ ವಿಮಾನ ನಿಲ್ದಾಣದಿಂದಲೂ ಅರ್ಧ ಗಂಟೆ ಸಾಕು. ಪ್ರತ್ಯೇಕ ಟಿಕೆಟ್ ಕೊಳ್ಳದೆ, ಸಂಪರ್ಕರಹಿತ ಪಾವತಿಯ ಬ್ಯಾಂಕ್ ಕಾರ್ಡನ್ನು ನಿಲ್ದಾಣದ ಯಂತ್ರಕ್ಕೆ ತಾಗಿಸಿ ಒಳಹೋಗಬಹುದು. ಆದರೆ ದಂಪತಿಗಳು ಒಂದೇ ಕಾರ್ಡನ್ನು ಇಬ್ಬರಿಗೂ ಬಳಸಲಾಗದು, ಇಳಿದ ಮೇಲೆ ಮತ್ತೆ ತಾಗಿಸುವುದನ್ನೂ ಮರೆಯಬಾರದು. ಭಾರತದಿಂದಲೇ ಹೊರಡುವವರು ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿತವಾಗಿ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಸಂದರ್ಶನದ ದಿನ ಸಿಗುವುದೇ ಕಷ್ಟವಾದ್ದರಿಂದ ತಡಮಾಡದಿರುವುದು ಲೇಸು.

ಕಛೇರಿಗಳ ಆಯ್ಕೆಯಲ್ಲಿ ನಾನು ಕೊಡುವ ಮುಖ್ಯ ಸಲಹೆಯೆಂದರೆ, ಕಲಾವಿದರ ಹೆಸರಿನ ಜೊತೆಗೆ ಕಛೇರಿ ನಡೆಯುವ ಕಟ್ಟಡವನ್ನೂ ಅಷ್ಟೇ ಗಮನವಿಟ್ಟು ನೋಡಬೇಕು. ಈ ಸಂಗೀತದಲ್ಲಿ ಎಷ್ಟೋ ಭಾಗ ಚರ್ಚುಗಳ ಕಲ್ಲಿನ ಗೋಡೆಗಳ ನಡುವೆ ಹಾಡುವುದಕ್ಕೆಂದೇ ರಚನೆಯಾದದ್ದು. 1254ರಲ್ಲಿ ಕಟ್ಟಲಾರಂಭಿಸಿದ ಡೋಮ್ ಚರ್ಚಿನ ಎತ್ತರದ ಕಮಾನುಗಳಡಿಯಲ್ಲಿ, ವಾದ್ಯದ ನೆರವಿಲ್ಲದೆ ನಾಲ್ಕೈದು ಕಂಠಗಳು ಬೇರೆಬೇರೆ ಸ್ವರಪಂಕ್ತಿಗಳನ್ನು ಹೆಣೆಯುವ ಹದಿನಾರನೆಯ ಶತಮಾನದ ಗಾಯನವನ್ನು ಕೇಳಿದಾಗ, ಒಂದು ಸ್ವರ ನಿಂತ ಮೇಲೂ ಅದರ ಅನುರಣನ ಮುಂದಿನ ಸ್ವರಕ್ಕೆ ಶ್ರುತಿಯಂತೆ ಒದಗುವುದು ಅನುಭವಕ್ಕೆ ಬಂತು. ಅದೇ ಅನುರಣನವು ಲ್ಯೂಟ್, ಹಾರ್ಪ್ಸಿಕಾರ್ಡ್‌ಗಳಂಥ ಮೆಲುದನಿಯ ತಂತಿವಾದ್ಯಗಳನ್ನು ನುಂಗಿಬಿಡುತ್ತದೆ. ಅವುಗಳಿಗೆ ಚಿಕ್ಕ ಚರ್ಚನ್ನೇ ಆರಿಸಿಕೊಂಡು ಮುಂದಿನ ಸಾಲುಗಳಲ್ಲಿ ಕೂರಬೇಕು. ಡೋಮ್ ಚರ್ಚಿಗೆ ಅತಿ ಸಮೀಪದಲ್ಲಿರುವ, 1048ರಷ್ಟು ಹಳೆಯ ಪೀಟರ್ಸ್ ಚರ್ಚನ್ನೂ ಹೇಗಾದರೂ ಮಾಡಿ ನೋಡಬೇಕು.

ನಾವು ಕೇಳಿದ ವಾದ್ಯಕಛೇರಿಯಲ್ಲಿ ವಯೋಲ ಡ ಗಾಂಬಾ ಎಂಬ, ಮೊಣಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುವ ವಾದ್ಯದಲ್ಲಿ ಫ್ರಾನ್ಸ್‌ನ ಸಂಗೀತಗಾರ ಮಾರೆಯ ರಚನೆಗಳಿದ್ದವು. ವೀಣೆ ಕಲಿತಿರುವ ನನ್ನ ಪತ್ನಿಗೆ ಅದರ ಮೆಟ್ಟಿಲುಗಳೂ, ಒಂದೊಂದು ಸ್ವರದ ಮೇಲೆ ಹೊರಡುತ್ತಿದ್ದ ಅಲಂಕಾರಗಳೂ ತಕ್ಷಣ ಆಪ್ತವಾದವು. ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳ ಶ್ರುತಿ ಹವೆಯ ತೇವ ಬದಲಾದಂತೆ ಕದಲುವುದರಿಂದ ಕೃತಿ ಕೃತಿಗೂ ನಡುವೆ ಶ್ರುತಿ ಮಾಡಿಕೊಳ್ಳುತ್ತಾರೆ; ಶ್ರೋತೃಗಳು ಆ ಹೊತ್ತಿನಲ್ಲೂ ಮೌನವಾಗಿಯೇ ಇರುತ್ತಾರೆ. ನಮ್ಮ ಕಛೇರಿಗಳಲ್ಲಿ ಸಹಜವಾಗಿರುವ ಭೇಷ್, ತೊಡೆಯ ಮೇಲೆ ತಾಳ ಹಾಕುವುದು ಇಲ್ಲಿ ಪಕ್ಕದವರಿಗೆ ತೊಂದರೆ ಕೊಡುತ್ತವೆ. ಚಪ್ಪಾಳೆಯನ್ನೂ ಕೃತಿಯ ಎಲ್ಲ ಭಾಗಗಳು ಮುಗಿಯುವವರೆಗೆ ತಡೆಹಿಡಿಯಬೇಕು. ಬಾಗಿಲು ಮುಚ್ಚಿದ ಮೇಲೆ ಬಂದರೆ ಹೊರಗೇ ಕಾಯಬೇಕಾದೀತು.

ಎಷ್ಟೇ ಆಸೆಯಿದ್ದರೂ ದಿನಕ್ಕೆ ಮೂರಕ್ಕಿಂತ ಹೆಚ್ಚು ಕಛೇರಿಗಳಿಗೆ ಟಿಕೆಟ್ ಕೊಳ್ಳಬೇಡಿ. ಸಭಾಂಗಣಗಳ ನಡುವಿನ ದೂರ ಹತ್ತು ಹದಿನೈದು ನಿಮಿಷದ ನಡಿಗೆಯಷ್ಟೇ ಆದರೂ ಕಿವಿಗೆ ವಿಶ್ರಾಂತಿ ಬೇಕು. ಬಿಡುವಿನಲ್ಲಿ ಡೋಮ್ ಚರ್ಚಿಗೆ ಹೊಂದಿಕೊಂಡ ಒಳತೋಟದಲ್ಲಿ ಕುಳಿತುಕೊಳ್ಳಬಹುದು. 1674ರ ಬಿರುಗಾಳಿಗೆ ಚರ್ಚಿನ ನಡುಭಾಗ ಕುಸಿದುಬಿದ್ದದ್ದರಿಂದ 112 ಮೀಟರ್ ಎತ್ತರದ ಗೋಪುರ ಇಂದಿಗೂ ಚರ್ಚಿನಿಂದ ಬೇರೆಯಾಗಿಯೇ ನಿಂತಿದೆ. ಹದಿನೇಳನೆಯ ಶತಮಾನದಲ್ಲಿ ಈ ಗೋಪುರದ ಗಂಟೆಗಳನ್ನು ನುಡಿಸುತ್ತಿದ್ದ ಅಂಧ ಸಂಗೀತಗಾರ ಯಾಕೊಬ್ ಫಾನ್ ಐಕ್, ಸಂಜೆಗಳಲ್ಲಿ ಸಮೀಪದ ಯಾನ್ಸ್ ಚರ್ಚಿನ ಅಂಗಳದಲ್ಲಿ ಅಡ್ಡಾಡುವವರಿಗಾಗಿ ಕೊಳಲು ನುಡಿಸುತ್ತಿದ್ದನು. ಅದಕ್ಕಾಗಿ 1649ರಲ್ಲಿ ಅವನ ವೇತನವನ್ನು ಹೆಚ್ಚಿಸಲಾಯಿತು. ಉತ್ಸವಕ್ಕೆ ಬಂದವರು ಆ ಅಂಗಳದಲ್ಲೊಮ್ಮೆ ನಡೆದಾಡಲೇಬೇಕು. ರಸ್ತೆಯ ಕೆಂಪು ಪಟ್ಟಿ ಸೈಕಲ್ ಸವಾರರದು. ಅದರ ಮೇಲೆ ನಿಂತು ಚಿತ್ರ ತೆಗೆಯುವುದು ಅಪಾಯಕರ.

ಸಸ್ಯಾಹಾರಿಗಳು ಸುರಿನಾಮಿ (ದಕ್ಷಿಣ ಅಮೆರಿಕದ ಸುರಿನಾಮ್ ದೇಶದ) ಹೋಟೆಲುಗಳಲ್ಲಿ ರೊಟ್ಟಿ, ಆಲೂಗಡ್ಡೆ ಮತ್ತು ಅಲಸಂದೆಕಾಯಿಯ ಪಲ್ಯ ತಿನ್ನಬಹುದು. ಮೊಟ್ಟೆ ಬೇಡವೆಂದು ಮೊದಲೇ ಹೇಳಬೇಕು. ಮಳೆ ಯಾವಾಗ ಬೇಕಾದರೂ ಬರಬಹುದು, ಚರ್ಚುಗಳೊಳಗೆ ತಣ್ಣಗಿರುತ್ತದೆ, ಕುರ್ಚಿಗಳು ಗಟ್ಟಿ. ಆದ್ದರಿಂದ ಒಂದು ಶಾಲನ್ನೂ ಮಡಚಿಟ್ಟುಕೊಳ್ಳುವ ಚಿಕ್ಕ ದಿಂಬನ್ನೂ ಒಯ್ಯಿರಿ. ಟಿಕೆಟ್ಟಿನಲ್ಲಿ ಆಸನಸಂಖ್ಯೆ ಇಲ್ಲದಿದ್ದರೆ ಅರ್ಧ ಗಂಟೆ ಮುಂಚೆ ಹೋಗಬೇಕು, ಇಲ್ಲವಾದರೆ ಕಂಬದ ಹಿಂದೆ ಕೂರಬೇಕಾಗುತ್ತದೆ.

ರಾತ್ರಿಯ ದೊಡ್ಡ ಕಛೇರಿ ರೈಲುನಿಲ್ದಾಣಕ್ಕೆ ಐದು ನಿಮಿಷದ ದೂರದ ಟಿವೊಲಿಫ್ರೆಡನ್‌ಬರ್ಗ್‌ನಲ್ಲಿತ್ತು. ಹರ್ಮನ್ ಹರ್ಟ್ಸ್‌ಬರ್ಗರ್ ವಿನ್ಯಾಸದ, 1979ರ ಹಳೆಯ ಸಭಾಂಗಣವನ್ನು ಉಳಿಸಿಕೊಂಡೇ 2014ರಲ್ಲಿ ಈ ಹೊಸ ಕಟ್ಟಡ ತೆರೆಯಿತು. ವೇದಿಕೆಯ ಸುತ್ತಲೂ ಆಸನಗಳಿವೆ. ಗಾಯನವಾದರೆ ಹಿಂಬದಿಯವುಗಳನ್ನು ಬಿಟ್ಟು, ಗಾಯಕರ ಮುಖ ಕಾಣುವ ಕಡೆಯನ್ನೇ ಕೊಳ್ಳಿರಿ. ಆಮ್‌ಸ್ಟರ್‌ಡ್ಯಾಮ್ ಕಡೆಗೆ ರಾತ್ರಿಯೂ ರೈಲುಗಳಿರುತ್ತವೆ, ಐಂಡ್‌ಹೋವನ್ ಕಡೆಗೆ ಎಲ್ಲ ರಾತ್ರಿಗಳಲ್ಲೂ ಇರುವುದಿಲ್ಲ. ಹಳಿಗಳ ದುರಸ್ತಿಗಾಗಿ ವೇಳಾಪಟ್ಟಿ ಬದಲಾಗುವುದೂ ಉಂಟಾದ್ದರಿಂದ, ತಡರಾತ್ರಿಯ ಕಛೇರಿಗೆ ಟಿಕೆಟ್ ಕೊಳ್ಳುವ ಮೊದಲೇ ಕೊನೆಯ ರೈಲಿನ ಸಮಯವನ್ನು ಖಚಿತಪಡಿಸಿಕೊಳ್ಳಿರಿ.