ಜ್ವರ, ಬಿಪಿ ಡೌನ್ ಅಂದ ಕೂಡಲೇ ಕೇಳಬೇಕಾದ ಇನ್ನೊಂದು ಪ್ರಶ್ನೆ

ತೀರ್ಥಹಳ್ಳಿ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಮಳೆ ಹಿಡಿದರೆ ವಾರ್ಡ್ ತುಂಬ ಜ್ವರದವರೇ. ಡೆಂಗಿ, ಇಲಿ ಜ್ವರ, ಅದಕ್ಕೂ ಮುಂಚೆ ಬೇಸಿಗೆಯಲ್ಲಿ ಮಂಗನ ಕಾಯಿಲೆ. ಹಾಗಾಗಿ ಜ್ವರ, ಮೈ ಕೆಂಪು, ಬಿಪಿ ಡೌನ್ ಅಂದರೆ ಎಲ್ಲರ ಕೈಯೂ ಮೊದಲು ಡೆಂಗಿ ಟೆಸ್ಟ್ ಚೀಟಿಗೇ ಹೋಗುತ್ತದೆ. ಅದು ತಪ್ಪಲ್ಲ. ಆದರೆ ಜೊತೆಗೇ ಇನ್ನೊಂದು ಕೇಳಿ ಅಂತ ಹೊಸ ಹುಡುಗಿಯರಿಗೆ ಹೇಳುತ್ತಿರುತ್ತೇನೆ: ಮೈಮೇಲೆ ಗಾಯ ಇದೆಯಾ, ಒಳಗೆ ಏನಾದರೂ ಇಟ್ಟಿದ್ದು ಹಾಗೇ ಉಳಿದಿದೆಯಾ?

ಯಾಕಂದರೆ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಅನ್ನುವ ಕಾಯಿಲೆಯೂ ಹೀಗೇ ಜ್ವರ, ಮೈ ಕೆಂಪು, ಬಿಪಿ ಡೌನ್ ಆಗಿ ಕಾಣುತ್ತದೆ. ಅದು ಅಪರೂಪ. ಬಂದರೆ ಮಾತ್ರ ಗಂಟೆಗಳ ಲೆಕ್ಕ. ಸ್ಟ್ಯಾಫ್ ಅಥವಾ ಸ್ಟ್ರೆಪ್ ಬ್ಯಾಕ್ಟೀರಿಯಾ ಬಿಡುವ ವಿಷ ರಕ್ತಕ್ಕೆ ಸೇರಿ ಇಡೀ ಮೈ ಕೆಡುತ್ತದೆ. 1980ರಲ್ಲಿ ಅಮೆರಿಕದಲ್ಲಿ ಜಾಸ್ತಿ ಹೀರುವ ಟ್ಯಾಂಪನ್ (ಮುಟ್ಟಿನಲ್ಲಿ ಒಳಗೆ ಇಟ್ಟುಕೊಳ್ಳುವ ಹತ್ತಿಯಂಥ ಬತ್ತಿ) ಬಳಸಿದವರಲ್ಲಿ ಇದು ಹೆಚ್ಚಾಗಿ ಕಂಡು ದೊಡ್ಡ ಸುದ್ದಿಯಾಯಿತು. ಅದಕ್ಕೇ "ನಮ್ಮೂರಲ್ಲಿ ಟ್ಯಾಂಪನ್ ಯಾರು ಹಾಕ್ತಾರೆ ಸಿಸ್ಟರ್" ಅಂತಾರೆ. ಆದರೆ ಇದು ಗಂಡಸರಿಗೂ ಬರುತ್ತದೆ, ಮಕ್ಕಳಿಗೂ ಬರುತ್ತದೆ. 1978ರಲ್ಲಿ ಈ ಹೆಸರಿಟ್ಟು ಮೊದಲು ಬರೆದದ್ದೇ ಮಕ್ಕಳ ಕೇಸುಗಳ ಬಗ್ಗೆ.

ಮೂಗಿನ ರಕ್ತ ನಿಲ್ಲದೆ ಪ್ಯಾಕ್ ಹಾಕಿದವರನ್ನು ನೋಡಿ. ಗಾಜ್ ಬಟ್ಟೆ ಒಳಗೆ ತುರುಕಿ, ತುದಿಯನ್ನು ಕೆನ್ನೆಗೆ ಪ್ಲಾಸ್ಟರ್ ಹಾಕಿ ಅಂಟಿಸಿರುತ್ತಾರೆ. ಆ ಪ್ಲಾಸ್ಟರ್ ಮೇಲೇ ಪೆನ್ನಿನಲ್ಲಿ ತಾರೀಖು, ಟೈಮ್ ಬರೆಯುತ್ತೇನೆ. ಚಾರ್ಟ್ ಎಲ್ಲೋ ಇರುತ್ತದೆ, ಕೆನ್ನೆ ಎಲ್ಲಿಗೂ ಹೋಗಲ್ಲ ಅಲ್ವಾ! ಹೆರಿಗೆಯಲ್ಲಿ ಹೊಲಿಗೆ ಹಾಕುವಾಗ ಒಳಗಿಟ್ಟ ಗಾಜ್ ಬಟ್ಟೆಯೂ ಅಷ್ಟೇ, ಎಷ್ಟು ಇಟ್ಟೆವೋ ಅಷ್ಟು ಹೊರಗೆ ಬಂತಾ ಎಣಿಸಲೇಬೇಕು.

ಇನ್ನು ಗಾಯ. ಬಚ್ಚಲ ಹಂಡೆಯ ಬಿಸಿನೀರು ಬಿದ್ದ ಮಗು, ಮೆಟ್ಟುಗತ್ತಿ ತಾಗಿದ ಕೈ, ಆಪರೇಷನ್ ಆದ ಹೊಟ್ಟೆ. ಸುಟ್ಟ ಗಾಯ ಚಿಕ್ಕದೇ ಇರಬಹುದು, ಆದರೂ ಸಣ್ಣ ಮಕ್ಕಳ ಮೈಯಲ್ಲಿ ಈ ವಿಷದ ವಿರುದ್ಧ ಶಕ್ತಿ ಇನ್ನೂ ಬೆಳೆದಿರುವುದಿಲ್ಲ. ಒಂದು ಮೋಸ ಏನಂದರೆ ಕೆಲವೊಮ್ಮೆ ಗಾಯ ನೋಡಲು ಚೆನ್ನಾಗೇ ಇರುತ್ತದೆ, ಕೀವಿಲ್ಲ, ಊತವಿಲ್ಲ. ಚಿಕನ್‌ಪಾಕ್ಸ್ ಗುಳ್ಳೆ ಕೆರೆದುಕೊಂಡ ಮಕ್ಕಳಲ್ಲಿ ಸ್ಟ್ರೆಪ್ ಕಡೆಯಿಂದಲೂ ಇದು ಬರಬಹುದು.

ಹರೆಯದ ಹುಡುಗಿಯಾದರೆ ಅಮ್ಮನನ್ನೋ ಅತ್ತೆಯನ್ನೋ ಔಷಧಿ ತರಲು ಕಳಿಸಿ, ಸ್ಕ್ರೀನ್ ಎಳೆದು ಕೇಳುತ್ತೇನೆ: "ಮುಟ್ಟಾಗಿದೀಯಾ? ಕಪ್ ಹಾಕ್ಕೊಂಡಿದೀಯಾ? ಯಾವಾಗ ಹಾಕಿದ್ದು?" ಎಲ್ಲರ ಎದುರು ಕೇಳಿದರೆ ಉತ್ತರ ಬರಲ್ಲ. ಮುಟ್ಟಿನ ರಕ್ತ ಹಿಡಿಯಲು ಒಳಗೆ ಇಟ್ಟುಕೊಳ್ಳುವ ಈ ಕಪ್ ಈಗ ಹಾಸ್ಟೆಲ್ ಹುಡುಗಿಯರಲ್ಲಿ ಸಾಕಷ್ಟಿದೆ, ಕೆಟ್ಟದ್ದೇನಲ್ಲ. ಕೈ ತೊಳೆದು ಹಾಕಬೇಕು, 12 ಗಂಟೆ ಮೀರಬಾರದು. ಟ್ಯಾಂಪನ್ ಆದರೆ 8 ಗಂಟೆಯೊಳಗೆ ತೆಗೆಯಬೇಕು.

ಈ ಕಾಯಿಲೆಯಲ್ಲಿ ಅಂಗೈ, ಅಂಗಾಲು ಸಿಪ್ಪೆ ಏಳುವುದೂ ಒಂದು ಗುರುತು, ಆದರೆ ಅದು ಒಂದೆರಡು ವಾರ ಕಳೆದ ಮೇಲೆ, ಅದಕ್ಕೆ ಕಾಯುತ್ತ ಕೂರುವ ಹಾಗಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬರಬಹುದು. ಹಾಗಾಗಿ ಅಂಥವರ ಡಿಸ್ಚಾರ್ಜ್ ಚೀಟಿಯಲ್ಲಿ "ಟ್ಯಾಂಪನ್, ಕಪ್ ಬೇಡ" ಅಂತ ಡಾಕ್ಟರ ಹತ್ತಿರ ಬರೆಸಿಯೇ ಕಳಿಸಿ.